ಅಮ್ಮ ಬಂದವ್ಳೆ

ರಾಜಘಟ್ಟ,
ದೊಡ್ಡಬಳ್ಳಾಪುರ ತಾಲ್ಲೂಕು,
೧೬-೪-೧೯೪೪, ಭಾನುವಾರ

ಚಿರಂಜೀವಿ ಭಾಗ್ಯಳಿಗೆ ನಿನ್ನ ಅಕ್ಕ ಮುನಿರತ್ನಳ ಆಶೀರ್ವಾದಗಳು.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ನೀನು ಎಷ್ಟು ಬೇಕಾದರೂ ಬೈಯುವೆಯಂತೆ. ನಿನ್ನ ಮಗ ಚೆನ್ನಾಗಿದ್ದಾನೆ. ನಾನು ಇದನ್ನು ಬರೆಯುತ್ತಿರುವಾಗ ಪಿಳ್ಳಣ್ಣ ಪಡಸಾಲೆಯಲ್ಲಿ ಕೂತು ಬೆಲ್ಲ ಹಾಕಿದ ರಾಗಿ ಗಂಜಿ ಕುಡಿಯುತ್ತಿದ್ದಾನೆ, ಅರ್ಧ ಹೊಟ್ಟೆಗೆ, ಅರ್ಧ ಅಂಗಿಗೆ. ಜ್ವರ ಬಿಟ್ಟು ವಾರವಾಯಿತು. ಇಷ್ಟು ಓದಿಕೊಂಡು ಒಂದು ಲೋಟ ನೀರು ಕುಡಿ, ಮಿಕ್ಕದ್ದನ್ನು ನಿಧಾನವಾಗಿ ಓದು.

ನಿನ್ನ ಎರಡು ಕಾಗದವೂ ಬಂದವು. ‘ಮೈ ಬೆಚ್ಚಗಿದೆ ಎಂದು ಒಂದು ಕಾರ್ಡು ಗೀಚಿ ಸುಮ್ಮನಾದೆಯಲ್ಲ ಅಕ್ಕಾ, ನಿನ್ನ ಕೈ ಬಿದ್ದುಹೋಯಿತೇ?’ ಎಂದು ಕೇಳಿದ್ದೀಯೆ. ಕೈ ಎಲ್ಲೂ ಬಿದ್ದುಹೋಗಿರಲಿಲ್ಲ ಕಣೆ. ನಮ್ಮತ್ತೆ ನರಸಮ್ಮನವರು ಬಿಡಲಿಲ್ಲ. ಅಮ್ಮ ಬಂದಿರುವ ಮನೆಯಿಂದ ಬೆಂಕಿ, ಉಪ್ಪು, ಮಜ್ಜಿಗೆ ಯಾವುದೂ ಹೊರಗೆ ಹೋಗಬಾರದಲ್ಲ. ಕಾಗದವೂ ಹೋಗಬಾರದು ಎಂದು ಅವರೇ ಒಂದು ಕಾನೂನು ಸೇರಿಸಿದರು. ‘ಕಾಗದದ ಜತೆ ಅಮ್ಮನೂ ಬೆಂಗಳೂರಿಗೆ ಹೊಂಟೋದ್ರೆ ಏನ್ ಮಾಡ್ತೀಯೆ? ಆಸ್ಪತ್ರೆ ತುಂಬ ಮಕ್ಕಳವ್ರೆ’ ಎಂದರು. ತೆಗೆದಿಟ್ಟಿದ್ದ ಕಾರ್ಡನ್ನು ಮತ್ತೆ ಗೂಡಿಗೆ ಸೇರಿಸಿದೆ. ನಿಮ್ಮ ಭಾವನೂ ಬೇಡವೆಂದರು. ನೀನು ಸುದ್ದಿ ತಿಳಿದ ತಕ್ಷಣ ಉಟ್ಟ ಸೀರೆಯಲ್ಲೇ ಹೊರಟುಬರುವವಳು. ಅಂಟುರೋಗದ ಮನೆಗೆ ಹೋಗಿಬಂದವಳನ್ನು ನಿಮ್ಮ ಆಸ್ಪತ್ರೆಯ ಮೇಟ್ರನಮ್ಮ ಒಳಗೆ ಸೇರಿಸುವುದಿಲ್ಲ ಎಂದು ನೀನೇ ಹೇಳಿದ್ದೆ. ಗಂಡ ತೀರಿಕೊಂಡ ಮೇಲೆ ಊರವರ ಬಾಯಿಗೆಲ್ಲ ಬಿದ್ದು, ಮಗುವನ್ನು ನನ್ನ ಮಡಿಲಿಗೆ ಹಾಕಿ ದಾದಿ ಕೆಲಸ ಕಲಿಯಲು ಹೋದವಳು ನೀನು. ಪರೀಕ್ಷೆ ಎದುರಿಗಿದ್ದಾಗ ಅದನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

ಯುಗಾದಿಯ ಮಾರನೆಯ ದಿನವೇ ಶುರುವಾಯಿತು. ಮೊದಲು ನೆಗಡಿ, ಒಣಕೆಮ್ಮು, ಕಣ್ಣೆರಡೂ ಕೆಂಪು. ಬಿಸಿಲಲ್ಲಿ ಕುಣಿದದ್ದಕ್ಕೆ ಇರಬೇಕು ಎಂದುಕೊಂಡೆ. ಸಂಜೆಗೆ ಮೈ ಮುಟ್ಟಲಾಗದಷ್ಟು ಕಾದಿತು. ನೀನು ಸಂಕ್ರಾಂತಿಗೆ ಬಂದಾಗ ಕೊಟ್ಟುಹೋದ ಜ್ವರದ ಕಡ್ಡಿಯನ್ನು ಕಂಕುಳಿಗೆ ಇಟ್ಟು ನೋಡಿದೆ, ನೂರಾಮೂರು. ‘ಆ ಗಾಜಿನ ಕಡ್ಡಿ ಏನ್ ಹೇಳ್ತದೆ, ನನ್ ಅಂಗೈ ಹೇಳಲ್ವಾ?’ ಎಂದು ಅತ್ತೆ ಹಣೆ ಮುಟ್ಟಿ, ‘ರಾಗಿ ಹುರೀಬೋದು ಕಣೆ’ ಎಂದರು. ಅಂಗೈಯೂ ಕಡ್ಡಿಯೂ ಒಂದೇ ಮಾತು ಹೇಳಿದವು.

ಆಮೇಲೆ ನಮ್ಮಿಬ್ಬರ ಯುದ್ಧ. ಅವರು ಕಂಬಳಿ ತಂದು ಹೊದಿಸುವುದು, ‘ಬೆವರು ಬಿಟ್ರೆ ಜ್ವರ ಬಿಟ್ಟಂಗೆ’ ಎನ್ನುವುದು. ನಾನು ತೆಗೆದು ಪಕ್ಕಕ್ಕೆ ಹಾಕುವುದು. ನೀನು ಹೇಳಿಕೊಟ್ಟಿದ್ದೆಯಲ್ಲ, ಜ್ವರ ಅಂದರೆ ಒಳಗೆ ಜಗಳ ನಡೆದಿದೆ ಅನ್ನುವ ಸುದ್ದಿ ಅಕ್ಕಾ, ಮಗುವನ್ನು ಹೊದಿಸಿ ಬೇಯಿಸಬೇಡ, ಕಾಯಿಸಿ ಆರಿಸಿದ ನೀರು ಕೊಡುತ್ತಿರು, ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಹಿಂಡಿ ಮೈ ಒರೆಸು ಎಂದು. ಅತ್ತೆಗೋ ಜ್ವರದ ಮೈಗೆ ನೀರು ಎಂದರೆ ಎದೆ ಧಸಕ್ಕೆನ್ನುತ್ತದೆ. ಆ ಕಂಬಳಿ ಹತ್ತುವುದು ಇಳಿಯುವುದು ಮಾಡಿ ಮಾಡಿ ಅದಕ್ಕೇ ಜ್ವರ ಬರುವ ಹಾಗಾಯಿತು.

ಮೂರು ದಿನ ಹೀಗೇ ಕಳೆಯಿತು. ಆಮೇಲೊಂದು ಬೆಳಿಗ್ಗೆ ಕಿವಿಯ ಹಿಂದೆ, ಹಣೆಯ ಮೇಲೆ ಕೆಂಪಗೆ ಎದ್ದಿತು. ದಡಾರ. ಅತ್ತೆ ಅಂಗಿ ಎತ್ತಿ ಎದೆ ನೋಡಿದರು, ಥಟ್ಟನೆ ಕೈ ಮುಗಿದರು. ‘ಅಮ್ಮ ಬಂದವ್ಳೆ’ ಎಂದರು.

ಕಣ್ಣಿಗೆ ಗೀಜು ಅಂಟಿ ರೆಪ್ಪೆ ಬಿಡಿಸಲಾಗದೆ ಮಲಗಿದ್ದ ಹುಡುಗ ಎದ್ದು ಕೂತ, ಭಾಗ್ಯ.

‘ಎಲ್ಲಿ?’ ಎಂದ.

‘ಯಾರು ಕಂದ?’ ಎಂದೆ.

‘ಅಮ್ಮ. ಅಜ್ಜಿ ಹೇಳ್ತಲ್ಲ, ಬಂದವ್ಳೆ ಅಂತ.’

ಅತ್ತೆಗೆ ಅವನು ಕೇಳಿದ್ದೇನೆಂದು ತಿಳಿಯಲೇ ಇಲ್ಲ. ‘ಇಲ್ಲೇ ಅವ್ಳೆ ಕಣಪ್ಪ, ನಿನ್ ಮೈಮೇಲೆ ಬಂದವ್ಳೆ’ ಎಂದು ಸಮಾಧಾನ ಹೇಳಿದರು. ಅವನು ತನ್ನ ತೋಳು ನೋಡಿಕೊಂಡ. ಒಂದು ಕೆಂಪು ಕಲೆಯನ್ನು ಬೆರಳಿನಿಂದ ಒತ್ತಿ, ‘ಇದಾ?’ ಎಂದ. ನಾನು ಅವನನ್ನು ಅವಚಿಕೊಂಡು, ‘ಅದು ಬೇರೆ ಅಮ್ಮ ಕಣೋ, ದೇವರಮ್ಮ. ನಿಮ್ಮಮ್ಮ ಬೆಂಗಳೂರಲ್ಲವಳೆ, ರಜ ಕೊಟ್ಟ ಮೇಲೆ ಬರ್ತಾಳೆ’ ಎಂದೆ. ಅತ್ತೆ ನನ್ನ ಮೇಲೆ ಹರಿಹಾಯ್ದರು. ‘ಬೇರೆ ಅಮ್ಮ ಗೀರಮ್ಮ ಅನ್ಬ್ಯಾಡ! ಎಲ್ಲಾ ಒಬ್ಳೆ. ಕೇಳಿಸ್ಕಂಡ್ರೆ ಸಿಟ್ಟಾಗ್ತಾಳೆ.’

ಒಂದು ಉಪಕಾರವಾಯಿತೆನ್ನು. ಅಮ್ಮ ಎಂದ ಮೇಲೆ ಕಂಬಳಿ ತಾನಾಗಿ ಅಟ್ಟ ಸೇರಿತು. ಅಮ್ಮನಿಗೆ ತಂಪು ಮಾಡಬೇಕಲ್ಲ, ಎಳನೀರು, ಮಜ್ಜಿಗೆ, ಬೇವಿನ ಸೊಪ್ಪಿನಿಂದ ಗಾಳಿ. ಬೆಳಕು ಬೀಳದ ಕೋಣೆ ಬೇಕೆಂದು ನೀನು ಹೇಳಿದ್ದನ್ನೇ ಅವರೂ ಹೇಳಿದರು. ನಿನ್ನ ಆಸ್ಪತ್ರೆಯ ಶಾಸ್ತ್ರವೂ ಅವರ ಶಾಸ್ತ್ರವೂ ಅರ್ಧಕ್ಕರ್ಧ ಒಂದೇ ಆಗಿಹೋಯಿತು. ಜಗಳವಾಡಲು ಕಾರಣ ಸಿಗದೆ ಇಬ್ಬರಿಗೂ ಬೇಜಾರಾಯಿತು.

ಆದರೆ ಮನೆಯ ಮಾತೇ ಬದಲಾಯಿತು. ಜ್ವರ ಎನ್ನಬಾರದು, ಅಮ್ಮ ಎನ್ನಬೇಕು. ‘ಇವತ್ತು ಅಮ್ಮ ಬಾಳ ಉರೀತಾವ್ಳೆ.’ ‘ಒಗ್ಗರಣೆ ಹಾಕ್ಬ್ಯಾಡ, ಅಮ್ಮನಿಗಾಗಲ್ಲ.’ ‘ಅಮ್ಮ ಕಣ್ಣಿಗಿಳೀದಿದ್ರೆ ಸಾಕು ಕಣವ್ವ.’ ಮಗು ಕಣ್ಣು ಮುಚ್ಚಿ ಮಲಗಿರುತ್ತಿತ್ತು. ನಿದ್ದೆ ಎಂದುಕೊಂಡು ನಾವು ಮಾತಾಡುತ್ತಿದ್ದೆವು. ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ, ಖದೀಮ.

ದಡಾರ ಒಣಗತೊಡಗಿದಾಗ ಗೆದ್ದೆವೆಂದುಕೊಂಡೆವು. ಆಗಲೇ ಎದೆ ಕಟ್ಟಿತು. ಮತ್ತೆ ನೂರಾನಾಲ್ಕು. ಉಸಿರೆಳೆದರೆ ಪಕ್ಕೆ ಒಳಕ್ಕೆ ಹೋಗುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು, ಅಳಲೂ ಶಕ್ತಿಯಿಲ್ಲ. ಇವನಿಗೇನಾದರೂ ಆದರೆ ನಿನಗೆ ಯಾವ ಮುಖ ತೋರಿಸಲಿ ಎನ್ನುವುದೊಂದೇ ತಲೆಯಲ್ಲಿ. ಅಮ್ಮನ ಗುಡಿಯ ಪೂಜಾರಿ ದೊಡ್ಡಮುನಿಯಪ್ಪನನ್ನು ಅತ್ತೆ ಕರೆಸಿದರು. ಅವನು ಹೊಸಿಲಾಚೆಯೇ ನಿಂತು, ‘ಅಮ್ಮ ಮುನಿಸ್ಕಂಡವ್ಳೆ. ಹುಡುಗ ಏನೋ ತಪ್ಪು ಮಾಡವ್ನೆ. ತಪ್ಪುಕಾಣಿಕೆ ಕಟ್ಟಿ’ ಎಂದ.

ಕೆಂಡದಂಥ ಕೈಯೊಂದು ನನ್ನ ಕೈ ಹಿಡಿಯಿತು. ‘ದೊಡ್ಡಮ್ಮ, ನಾನೇನ್ ತಪ್ಪು ಮಾಡ್ದೆ?’

ನನಗೆ ಎಲ್ಲಿತ್ತೋ ಸಿಟ್ಟು. ‘ನಿನ್ನ ಕಾಣಿಕೆ ಆಮೇಲೆ ಕಟ್ತೀನಿ, ಮೊದಲು ಮನೆಗೆ ನಡೀಯಪ್ಪ’ ಎಂದು ದೊಡ್ಡಮುನಿಯಪ್ಪನನ್ನು ಕಳಿಸಿದೆ. ನಿಮ್ಮ ಭಾವನಿಗೆ, ‘ಈಗಿಂದೀಗ ಗಾಡಿ ಕಟ್ಟಿ, ದೊಡ್ಡಬಳ್ಳಾಪುರದಿಂದ ಡಾಕ್ಟರನ್ನ ಕರ್ಕೊಂಡೇ ಬರಬೇಕು’ ಎಂದೆ. ಅವರ ತಾಯಿಯ ಎದುರು ನಾನು ಹಾಗೆ ಗಂಟಲೆತ್ತಿದ್ದು ಮದುವೆಯಾದ ಮೇಲೆ ಅದೇ ಮೊದಲು. ಅತ್ತೆ ಹೊಸಿಲ ಮೇಲೆ ಕೂತುಬಿಟ್ಟರು, ಅಮ್ಮ ಇರೋ ಮನೆಗೆ ಔಷಧ ಬರಬಾರದು ಎಂದು. ನಾನೂ ಬಿಡಲಿಲ್ಲ. ‘ಅತ್ತೆ, ಆ ಉಸಿರು ಕೇಳಿ’ ಎಂದೆ, ಅಷ್ಟೆ. ಕೂತು ಕೇಳಿದರು. ಬಹಳ ಹೊತ್ತು ಕೇಳಿದರು. ಹೊರಗೆ ಗಾಡಿ ನಿಂತಾಗ ತಾವಾಗಿಯೇ ಎದ್ದು, ‘ಬೂಟ್ಸು ಬಿಚ್ಚಿ ಬರಕ್ಕೇಳು’ ಎಂದರು.

ಡಾಕ್ಟರು ಎದೆ ನೋಡಿ ನ್ಯುಮೋನಿಯಾ ಎಂದರು. ನಿನಗೆ ಗೊತ್ತಿರುವ ಆ ಎಂ ಅಂಡ್ ಬಿ ಮಾತ್ರೆಯನ್ನೇ ಕೊಟ್ಟರು. ಯುದ್ಧದ ಕಾಲ, ಇದು ಸಿಕ್ಕಿದ್ದೇ ನಿಮ್ಮ ಪುಣ್ಯ ಎಂದರು. ಅದನ್ನು ಯಾರು ಅರೆದರು ಗೊತ್ತೇ? ನಮ್ಮತ್ತೆಯೇ. ಬೆಳ್ಳಿ ಬಟ್ಟಲಲ್ಲಿ ಜೇನಿನ ಜತೆ ಅರೆದು, ದೇವರ ಮುಂದೆ ಹಿಡಿದು, ‘ತಾಯಿ, ನೀನೂ ಒಂದಿಷ್ಟು ತಕೊ’ ಎಂದು ಹೇಳಿ ಆಮೇಲೆ ಮಗುವಿಗೆ ನೆಕ್ಕಿಸಿದರು. ಪ್ರತಿಸಲವೂ ಹಾಗೆಯೇ. ಜ್ವರ ಇಳಿದ ದಿನ ಕಡ್ಡಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಬೆಳಕಿಗೆ ಹಿಡಿದು ತಾವೇ ನೋಡಿದರು, ಓದು ಬಾರದಿದ್ದರೂ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡ. ಅಷ್ಟು ದಿನವೂ ಬರಿ ನೆಲದ ಮೇಲೆ ಅವನ ಪಕ್ಕದಲ್ಲೇ ಬಿದ್ದಿದ್ದರು.

ಮಂಗಳವಾರ ಬೇವಿನ ನೀರು ಹೊಯ್ದು, ಅಮ್ಮನನ್ನು ಸಾಗಹಾಕಿದೆವು. ಮೊರದಲ್ಲಿ ಮೊಸರನ್ನ, ಬಳೆ, ಬೇವಿನ ಸೊಪ್ಪು ಇಟ್ಟುಕೊಂಡು ಊರ ಗಡಿಯವರೆಗೆ ಹೋದೆವು. ಪಿಳ್ಳಣ್ಣ ನಿಮ್ಮ ಭಾವನ ಹೆಗಲ ಮೇಲೆ. ಅಲ್ಲಿ ಅವನನ್ನು ಇಳಿಸಿ, ‘ಕೈ ಮುಗ್ದು ಹೇಳಪ್ಪ, ಅಮ್ಮಾ, ಬಂದಂಗೇ ತಣ್ಣಗೆ ಹೋಗು, ಮತ್ತೆ ಬರಬ್ಯಾಡ ಅಂತ’ ಎಂದರು ಅತ್ತೆ. ಕಡ್ಡಿಯಂಥ ಕೈ ಜೋಡಿಸಿ ಹೇಳಿದ. ಎಷ್ಟು ಜೋರಾಗಿ ಹೇಳಿದನೆಂದರೆ ಹೊಲದಲ್ಲಿದ್ದವರು ತಿರುಗಿ ನೋಡಿದರು. ಎಲ್ಲರೂ ಭೇಷ್ ಎಂದರು. ಹಿಂದಿರುಗಿ ನೋಡಬಾರದು ಎಂದಿದ್ದಕ್ಕೆ ಮನೆ ಮುಟ್ಟುವವರೆಗೆ ಕತ್ತು ಹೊರಳಿಸಲಿಲ್ಲ.

ಈಗ ಹಸಿವು ಹೆಚ್ಚಿದೆ. ಕೆಮ್ಮು ಅಷ್ಟಿಷ್ಟು ಇದೆ, ಕಣ್ಣು ತಿಳಿಯಾಗಿದೆ, ಡಾಕ್ಟರು ದೀಪ ಹಿಡಿದು ನೋಡಿ ಭಯವಿಲ್ಲ ಎಂದರು. ನೀನು ಇಪ್ಪತ್ತನಾಲ್ಕಕ್ಕೆ ಹತ್ತು ದಿನದ ರಜೆಯ ಮೇಲೆ ಬರುತ್ತೇನೆ ಎಂದು ಬರೆದಿದ್ದೀಯೆ. ಪರೀಕ್ಷೆ ಮುಗಿಯಿತಲ್ಲ, ಇನ್ನು ನೆಮ್ಮದಿಯಾಗಿ ಬಾ. ಪೆಟ್ರೋಲಿಲ್ಲದೆ ಇದ್ದಿಲಲ್ಲಿ ಓಡುವ ಬಸ್ಸನ್ನು ನಂಬಬೇಡ, ಏರು ಬಂದರೆ ಇಳಿದು ತಳ್ಳಿ ಎನ್ನುತ್ತಾರೆ. ರೈಲಿಗೇ ಬಾ, ನಿಮ್ಮ ಭಾವ ಸ್ಟೇಷನ್ನಿಗೆ ಗಾಡಿ ತರುತ್ತಾರೆ. ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ಓಡಾಡಲಿ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಹರಸುವ

ನಿನ್ನ ಅಕ್ಕ
ಮುನಿರತ್ನಮ್ಮ

ಮರೆತದ್ದಲ್ಲ, ಬಿಟ್ಟದ್ದು: ಇದನ್ನು ಬರೆಯಬಾರದು ಎಂದೇ ಮೇಲೆ ಅಷ್ಟುದ್ದ ಬರೆದೆ. ಆದರೆ ನೀನು ಏನೂ ತಿಳಿಯದೆ ಬಾಗಿಲಲ್ಲಿ ಬಂದು ನಿಂತರೆ ನಿನ್ನ ಗತಿ ಏನು ಎಂದು ಹೆದರಿಕೆಯಾಗಿ ಮತ್ತೆ ಕೂತಿದ್ದೇನೆ.

ನೀನು ಬರುವ ಸುದ್ದಿಯನ್ನು ನಿನ್ನೆ ಅವನಿಗೆ ಹೇಳಿದೆ. ಕುಣಿಯುತ್ತಾನೆ ಎಂದುಕೊಂಡಿದ್ದೆ. ‘ಅಮ್ಮ ಬರ್ತಾಳೆ ಕಣೋ’ ಎಂದದ್ದೇ ತಡ, ಮುಖ ಬಿಳಿಚಿಕೊಂಡಿತು. ‘ಕಳಿಸ್ಬಿಟ್ವಲ್ಲ ದೊಡ್ಡಮ್ಮ. ಕೈ ಮುಗ್ದು ಹೇಳಿದ್ನಲ್ಲ. ಮತ್ತೆ ಯಾಕೆ ಬರ್ತಾಳೆ?’ ಎಂದ. ನೀನು ಕಳಿಸಿದ್ದ ಬಿಳಿ ಉಡುಪಿನ ಫೋಟೋ ತಂದು, ಇವಳು ಕಣೋ ನಿನ್ನ ಹೆತ್ತಮ್ಮ, ಸುಡೋ ಅಮ್ಮ ಅಲ್ಲ ಎಂದು ತೋರಿಸಿದೆ. ಅವನು ಹಿಂದಕ್ಕೆ ಸರಿದು ಅಂಗಿಯ ತೋಳನ್ನು ಕೈ ಮುಚ್ಚುವ ಹಾಗೆ ಎಳೆದುಕೊಂಡ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಿಲಿಗೆ ಹೋದರು.

ನಿನ್ನ ಮುಖ ಕಂಡದ್ದು ಸಂಕ್ರಾಂತಿಯಲ್ಲಿ, ನಾಲ್ಕು ವರ್ಷದ ಕೂಸು, ಅವನನ್ನು ಏನೆಂದು ಬೈಯಲಿ? ನೀನು ಬರುವುದನ್ನು ಮಾತ್ರ ನಿಲ್ಲಿಸಬೇಡ, ನನ್ನಾಣೆ. ಆದರೆ ಬಂದವಳು ‘ಅಮ್ಮ ಬಂದೆ ಕಣೋ’ ಎಂದು ಕೂಗಬೇಡ, ಓಡಿಹೋಗಿ ಎತ್ತಿಕೊಳ್ಳಲೂ ಬೇಡ. ಭಾಗ್ಯ ಅಂತ ಒಬ್ಬರು ಬರ್ತಾರೆ, ನಿನ್ನ ಜತೆ ಆಟ ಆಡ್ತಾರೆ ಎಂದು ಅವನಿಗೆ ಹೇಳಿಟ್ಟಿದ್ದೇನೆ.

‘ಅವ್ರು ಒಳ್ಳೇವ್ರಾ ದೊಡ್ಡಮ್ಮ?’ ಎಂದು ಕೇಳಿದ.

‘ಹೂಂ ಕಂದ, ಬಲು ಒಳ್ಳೇವ್ರು’ ಎಂದೆ.