ಮುಚ್ಚಬ್ಯಾಡ ಅಂದವರೇ ಮುಚ್ಚಿದ ಶಾಲೆ

ಗಾಳಿಪೇಟೆ, ಕಪ್ಪತಗುಡ್ಡದ ಕೆಳಗೆ
ಕ್ರಿ.ಶ. ೨೧೯೬, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಕರಾರು ಶಾಲೆಗಳ ಕಾಯಿದೆಯ ಮೊದಲ ಕರಡನ್ನು ಮುಂದಿಟ್ಟುಕೊಂಡು ಕೂತಿರುವ ಹಿರಿಯರಿಗೆ, ಇಂದುಮತಿ ಹಾತಲಗೇರಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಹನ್ನೆರಡು ತಿಂಗಳುಗಳು ನಮಗೂ ಇವೆ. ಆದರೆ ಬೇಸಿಗೆಯ ನಡುವೆ ಇಪ್ಪತ್ತೆಂಟು ದಿನ ಯಾರೂ ಬಯಲಿಗೆ ಕಾಲಿಡಲಾಗದಷ್ಟು ಬಿಸಿಲಿರುವುದರಿಂದ ಅಷ್ಟು ದಿನಗಳನ್ನು ಲೆಕ್ಕದಿಂದ ಹೊರಗೆ ತೆಗೆದು ಹದಿಮೂರನೆಯ ತಿಂಗಳೆಂದು ಕರೆಯುತ್ತೇವೆ. ಆಗ ಕಚೇರಿ ಇಲ್ಲ, ಶಾಲೆ ಇಲ್ಲ. ಊರೆಲ್ಲ ನೆರಳುಬೀದಿಯಲ್ಲಿ, ಅಂದರೆ ಮೇಲೆ ದಪ್ಪ ಮಣ್ಣಿನ ಮಾಡು ಹೊದಿಸಿದ ಉದ್ದನೆಯ ಓಣಿಯಲ್ಲಿ, ಚಾಪೆ ಹಾಸಿಕೊಂಡು ಕೂತಿರುತ್ತದೆ. ಪತ್ರ ಬರೆಯಲು ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಹೊಸತೆನಿಸಿದರೆ ಕ್ಷಮಿಸಿ. ನಿಮ್ಮಂಥ ಹಿಂದಿನ ಕಾಲದವರಿಗೆ ಕಾಗದ ತಲುಪುವುದಿಲ್ಲವೆಂದು ನನಗೂ ಗೊತ್ತು. ಆದರೂ ದೂರು ಕೊಡಬೇಕಾದ ಜಾಗ ನೀವೇ ಎಂದು ತೋರಿದ್ದರಿಂದ ಬರೆಯುತ್ತಿದ್ದೇನೆ, ಯಾಕೆಂದರೆ ನೀವು ಬರೆದ ಕಾಯಿದೆ ಅಲ್ಪಸ್ವಲ್ಪ ಬದಲಾಗಿ ನಮ್ಮ ತನಕ ನಡೆದುಬಂದಿದೆ.

ಕರಾರು ಶಾಲೆಯೆಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ಸರಕಾರದ ಕಟ್ಟಡ, ಸರಕಾರದ ಸಂಬಳ, ಆದರೆ ನಡೆಸುವವರು ಊರಿನವರು. ಹೇಗೆ ಕಲಿಸಬೇಕೆಂಬುದು ಅವರ ಇಷ್ಟ. ಅದಕ್ಕೆ ಪ್ರತಿಯಾಗಿ ಐದು ವರ್ಷಕ್ಕೊಮ್ಮೆ ಕರಾರು ಮಂಡಳಿಯವರು ಬಂದು ಮರುನೋಟ ಮಾಡುತ್ತಾರೆ. ಒಪ್ಪಿಗೆಯಾದರೆ ಇನ್ನೈದು ವರ್ಷ, ಇಲ್ಲದಿದ್ದರೆ ಬೀಗ. ಇದರಲ್ಲಿ ತಪ್ಪೇನಿದೆಯೆಂದು ನನಗೆ ಆಗಲೂ ಅನಿಸಿರಲಿಲ್ಲ, ಈಗಲೂ ಅನಿಸುವುದಿಲ್ಲ. ಮಕ್ಕಳಿಗೆ ಕಲಿಸದ ಶಾಲೆ ಯಾಕಿರಬೇಕು?

ನಮ್ಮ ಶಾಲೆಯನ್ನು ಕಟ್ಟಿದವರು ಇಬ್ಬರು, ನಾನು ಮತ್ತು ವಿರೂಪಾಕ್ಷ ಡಂಬಳ ಮಾಸ್ತರು. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆ ದುರಸ್ತಿ ಮಾಡುವ ಕುಟುಂಬಗಳು ಗುಡ್ಡದಿಂದ ಗುಡ್ಡಕ್ಕೆ ಅಲೆಯುತ್ತವೆ. ಅವರನ್ನು ಇಲ್ಲಿ ರೆಕ್ಕೆಯವರು ಅನ್ನುತ್ತಾರೆ. ಅವರ ಮಕ್ಕಳು ವರ್ಷದ ನಡುವೆ ಬಂದು ವರ್ಷದ ನಡುವೆಯೇ ಹೋಗುವುದರಿಂದ ಯಾವ ಶಾಲೆಯೂ ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ೨೧೮೨ರಲ್ಲಿ ನಮ್ಮ ಅಡುಗೆಮನೆಯಲ್ಲಿ ಕೂತು ಕರಾರಿನ ಕರಡು ಬರೆದಾಗ ಮಾಸ್ತರು ಒಂದು ಸಾಲನ್ನು ತಮ್ಮ ಕೈಯಾರೆ ಸೇರಿಸಿದರು: ಈ ಶಾಲೆಯ ಮಗುವನ್ನು ಬೇರೆ ಶಾಲೆಯ ಮಗುವಿನೊಡನೆ ತೂಗಬಾರದು, ಅದು ಬಂದ ದಿನ ಎಷ್ಟು ಕಲಿತಿತ್ತೋ ಅದರೊಡನೆ ತೂಗಬೇಕು. ಮಂಡಳಿ ಅದಕ್ಕೆ ರುಜು ಹಾಕಿತು. ಆ ಸಾಲಿನ ಬಲದ ಮೇಲೆ ನಾವು ಯಾವ ಮಗುವನ್ನೂ ಬಾಗಿಲಿಂದ ತಿರುಗಿಸಿ ಕಳಿಸಲಿಲ್ಲ. ಮೊದಲ ಮರುನೋಟ ದಾಟಿದೆವು. ಮರುವರ್ಷ ಮಂಡಳಿಯವರೇ ಮಾಸ್ತರನ್ನು ಕರೆದು ಸದಸ್ಯರನ್ನಾಗಿ ಮಾಡಿಕೊಂಡರು. ನಾಲ್ಕು ವರ್ಷಗಳಲ್ಲಿ ಅವರು ಅಧ್ಯಕ್ಷರಾದರು. ಊರಿಗೆ ಊರೇ ಹಿಗ್ಗಿತು. ನಮ್ಮವರೊಬ್ಬರು ಮೇಲಿದ್ದಾರೆ ಎಂಬ ಧೈರ್ಯ ನನಗೂ ಇತ್ತು.

ಎರಡನೆಯ ಮರುನೋಟ ೨೧೯೨ರಲ್ಲಿ ಬಂತು. ಮೊದಲ ಮೆಟ್ಟಿಲು ಸ್ವವರದಿ. ಶಾಲೆ ತನ್ನ ಬಗ್ಗೆ ತಾನೇ ಬರೆದುಕೊಳ್ಳಬೇಕು: ಏನು ಆಯಿತು, ಏನು ಆಗಲಿಲ್ಲ. ನಾನು ಹಿಂದೆಮುಂದೆ ನೋಡುತ್ತಿದ್ದಾಗ ಒಂದು ಮಧ್ಯಾಹ್ನ ಮಾಸ್ತರೇ ಮನೆಗೆ ಬಂದರು. ಗಿರ್ಮಿಟ್ ಮಾಡಿ ಕೊಟ್ಟೆ. ತಿನ್ನುತ್ತ ಹೇಳಿದರು:

"ಇಂದವ್ವ, ಏನೂ ಮುಚ್ಚಬ್ಯಾಡ. ಇದ್ದದ್ದು ಇದ್ದಂಗ ಬರಿ. ಸ್ವವರದಿ ತೀರ್ಪು ಕೊಡಾಕ ಅಲ್ಲ, ತಿದ್ದಿಕೊಳ್ಳಾಕ. ನನ್ನ ಮಾತು ಐತಿ."

ನಾನು ಬರೆದೆ. ನಲವತ್ತು ಪುಟ. ನೂರ ಅರವತ್ಮೂರು ಮಕ್ಕಳಲ್ಲಿ ಮೂವತ್ತೆಂಟು ಮಕ್ಕಳಿಗೆ ಮೂರು ವರ್ಷವಾದರೂ ಸರಾಗ ಓದಲು ಬರುವುದಿಲ್ಲವೆಂದು ಹದಿನೇಳನೆಯ ಪುಟದಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಬರೆದೆ. ರೆಕ್ಕೆಯವರ ಹುಸೇನಬಿಯ ಮಗಳು ಜೈತೂನಳ ಹೆಸರಿನ ಮುಂದೆ, ಇವಳ ವಿಷಯದಲ್ಲಿ ತಪ್ಪು ನಮ್ಮದು, ಅವಳು ಬಂದಾಗೆಲ್ಲ ಮೊದಲಿನಿಂದ ಶುರುಮಾಡಿ ಅವಳಿಗೆ ಬೇಸರ ಹುಟ್ಟಿಸಿದೆವು ಎಂದು ಸೇರಿಸಿದೆ. ಹೊಳೆಕಡೆಯ ಕರಾರು ಶಾಲೆಯವರು ಪರೀಕ್ಷೆಗೆ ಒಂದು ತಿಂಗಳು ಮುಂಚೆ ಓದಿನಲ್ಲಿ ಹಿಂದುಳಿದ ಹತ್ತೊಂಬತ್ತು ಮಕ್ಕಳಿಗೆ ವರ್ಗಾವಣೆ ಚೀಟಿ ಕೊಟ್ಟು ನಮ್ಮ ಕಡೆ ಕಳಿಸಿದ್ದರು. ಅದನ್ನೂ ಬರೆದೆ, ಆದರೆ ದೂರಿನಂತೆ ಬರೆಯಲಿಲ್ಲ. ಬರೆದು ಮುಗಿಸಿದ ದಿನ ನನಗೆ ಮೈ ಹಗುರವಾಗಿತ್ತು. ಹತ್ತು ವರ್ಷದಲ್ಲಿ ನಾನು ಮಾಡಿದ ಅತ್ಯಂತ ನೆಟ್ಟಗಿನ ಕೆಲಸ ಇದೇ ಅಂದುಕೊಂಡೆ.

ಮರುನೋಟಗಾರರು ಮೂವರು ಬಂದು ನಾಲ್ಕು ದಿನ ಇದ್ದರು. ಒಳ್ಳೆಯ ಜನ. ತರಗತಿಯ ಹಿಂದಿನ ಸಾಲಿನಲ್ಲಿ ಕೂತರು, ಮಕ್ಕಳ ಜೊತೆ ಜೋಳದ ರೊಟ್ಟಿ ತಿಂದರು, ಹಾಜರಿ ಪುಸ್ತಕ ತಿರುವಿದರು, ತಾಯಂದಿರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸಿದರು. ಹೋಗುವಾಗ ಅವರಲ್ಲಿ ಹಿರಿಯಳಾದವಳು ನನ್ನ ಕೈ ಹಿಡಿದು, "ಇಂಥಾ ವರದಿ ನಾ ಎಲ್ಲೂ ನೋಡಿಲ್ರಿ, ಅಕ್ಕೋರ" ಅಂದಳು. ನಾನು ಅದನ್ನು ಹೊಗಳಿಕೆಯೆಂದು ತಿಳಿದೆ.

ಎರಡು ತಿಂಗಳ ನಂತರ ನೆರಳುಬೀದಿಯ ಕೊನೆಯ ಸಭಾಂಗಣದಲ್ಲಿ ಬಹಿರಂಗ ವಿಚಾರಣೆ ನಡೆಯಿತು. ಇನ್ನೂರಕ್ಕೂ ಹೆಚ್ಚು ಜನ. ರೆಕ್ಕೆಯವರು ಕೆಲಸದ ಹಗ್ಗ ಸೊಂಟಕ್ಕೆ ಕಟ್ಟಿಕೊಂಡೇ ಬಂದು ಗೋಡೆಗೆ ಒರಗಿ ನಿಂತಿದ್ದರು. ಮಂಡಳಿಯ ಏಳು ಜನ ಮೇಲೆ ಕೂತಿದ್ದರು, ನಡುವೆ ವಿರೂಪಾಕ್ಷ ಮಾಸ್ತರು. ಮೊದಲು ಒಬ್ಬ ಗುಮಾಸ್ತ ಎದ್ದು, ಈ ಸಲದಿಂದ ಎಲ್ಲ ಶಾಲೆಗಳನ್ನೂ ಒಂದೇ ಅಳತೆಯಿಂದ ನೋಡಲಾಗುವುದು, ತರಗತಿಗೆ ತಕ್ಕ ಓದು ಎಷ್ಟು ಮಕ್ಕಳಿಗೆ ಬರುತ್ತದೆ ಎಂಬುದಷ್ಟೇ ಮುಖ್ಯ ಎಂದು ಓದಿದ. ಅಡುಗೆಮನೆಯಲ್ಲಿ ಬರೆದ ಆ ಸಾಲು ಇನ್ನೂ ನಮ್ಮ ಕರಾರಿನಲ್ಲಿತ್ತು. ಅದರ ಹೆಸರನ್ನು ಯಾರೂ ಎತ್ತಲಿಲ್ಲ. ನಾನು ಎದ್ದು ಹೇಳಿದಾಗ, ಬರೆದುಕೊಂಡಿದ್ದೇವೆ, ಕೂತುಕೊಳ್ಳಿ ಅಂದರು. ಆಮೇಲೆ ಮಾಸ್ತರು ಕನ್ನಡಕ ಹಾಕಿಕೊಂಡು ನನ್ನ ವರದಿ ತೆಗೆದರು. ಹದಿನೇಳನೆಯ ಪುಟವನ್ನು ಪೂರ್ತಿ ಓದಿದರು. ಮೂವತ್ತೆಂಟು ಹೆಸರುಗಳನ್ನೂ ಓದಿದರು. ಆ ಮಕ್ಕಳಲ್ಲಿ ಎಷ್ಟೋ ಜನ ಅಲ್ಲೇ ಕೂತಿದ್ದರು. ಹೆಸರು ಬಂದಾಗ ಹಾಜರಿ ಕರೆದರೆಂದು ತಿಳಿದು ಒಬ್ಬಳು ಚಿಕ್ಕವಳು "ಜಿ" ಅಂದಳು. ಓದಿ ಮುಗಿಸಿ ಅವರು ಹೇಳಿದ್ದು ಒಂದೇ ಮಾತು: "ಶಾಲೆಯೇ ಒಪ್ಪಿಕೊಂಡಿದೆ."

ಹುಸೇನಬಿಯನ್ನು ಸಾಕ್ಷಿಗೆ ಕರೆದರು. ಅವಳು ಮಗಳ ಕೈ ಹಿಡಿದುಕೊಂಡೇ ಎದ್ದಳು.

"ನನ್ನ ಮಗಳಿಗೆ ಓದಾಕ ಬರಂಗಿಲ್ರಿ. ಅದು ಖರೇ ಐತಿ. ಅಕ್ಕೋರ ಮ್ಯಾಲ ನನಗ ಸಿಟ್ಟೂ ಐತ್ರಿ. ಆದ್ರ ಸಾಲಿ ಮುಚ್ಚರಿ ಅಂತ ನಾ ಅಂದಿಲ್ಲ. ಓದಾಕ ಕಲಸ್ರಿ ಅಂದೇನಿ. ಎರಡೂ ಒಂದ ಅಲ್ರಿ."

ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಮಂಡಳಿಯ ನಡಾವಳಿಯ ಪ್ರತಿ ಕೈಗೆ ಬಂದಾಗ ನೋಡಿದೆ, ಅವಳ ಮೊದಲ ಮೂರು ವಾಕ್ಯ ಮಾತ್ರ ಇದ್ದವು. ಉಳಿದದ್ದನ್ನು ಬರೆದುಕೊಳ್ಳುವ ಹೊತ್ತಿಗೆ ಗುಮಾಸ್ತನ ಕೈ ಸೋತಿತ್ತೋ ಏನೋ. ಮುಚ್ಚಲು ಐದು ಕೈ ಎದ್ದವು, ಉಳಿಸಲು ಎರಡು. ಮಾಸ್ತರ ಕೈ ಐದರಲ್ಲಿ ಒಂದು. ಅದೇ ದಿನ ಹೊಳೆಕಡೆಯ ಶಾಲೆಗೆ ಏಳಕ್ಕೆ ಏಳೂ ಕೈ ಎದ್ದು ಇನ್ನೈದು ವರ್ಷ ಸಿಕ್ಕಿತು.

ಹೊರಗೆ ಮಾಸ್ತರನ್ನು ತಡೆದು ನಿಲ್ಲಿಸಿದೆ.

"ನಿಮ್ಮ ಮಾತು ಐತಿ ಅಂದಿದ್ರಿ, ಮಾಸ್ತರ."

ಅವರು ಮುಖ ತಪ್ಪಿಸಲಿಲ್ಲ. ತಪ್ಪಿಸಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲವೇನೋ.

"ಜಿಲ್ಲಾಕ್ಕ ಒಂದಾದ್ರೂ ಸಾಲಿ ಮುಚ್ಚಿ ತೋರಸ್ರಿ ಅಂತ ಮ್ಯಾಲಿಂದ ಹೇಳಿದ್ರು, ಇಂದವ್ವ. ಇಲ್ಲಂದ್ರ ಮರುನೋಟ ಬರೇ ಆಟ ಅಂತಾರ. ಹೊಳಿಕಡಿಯವರ ಕಾಗದ ಸ್ವಚ್ಛ ಅದಾವು. ಅಲ್ಲಿ ಕೈ ಹಾಕಾಕ ಜಾಗ ಇಲ್ಲ. ನಿಂದು ನೀನ ಬರದಿ."

"ನೀವ ಬರಿ ಅಂದ್ರಿ."

"ಅಂದೆ," ಅಂದರು. ಅಷ್ಟು ಹೇಳಿ ವಾಹನ ಹತ್ತಿದರು. ಆಮೇಲೆ ನಾವಿಬ್ಬರೂ ಮಾತಾಡಿಲ್ಲ. ಈ ನಾಲ್ಕು ವರ್ಷದಲ್ಲಿ ನಾನು ಅವರನ್ನು ಎಷ್ಟು ಸಲ ಮನಸ್ಸಿನಲ್ಲೇ ನಿಲ್ಲಿಸಿ ಕೇಳಿದ್ದೇನೋ, ಪ್ರತಿ ಸಲವೂ ಅವರು ಆ ಒಂದೇ ಶಬ್ದ ಹೇಳುತ್ತಾರೆ. ಕೆಡುಕನಾಗಿದ್ದರೆ ಮರೆತುಬಿಡುತ್ತಿದ್ದೆ. ನಮ್ಮ ಮಕ್ಕಳಿಗೆ ಮೊದಲ ಅಕ್ಷರ ತಿದ್ದಿಸಿದ ಮನುಷ್ಯ.

ಬೀಗ ಹಾಕುವ ಕೆಲಸ ಬಹಳ ಚೊಕ್ಕಟವಾಗಿ ಆಯಿತೆಂದು ಹೇಳಬೇಕು. ಬೆಂಚುಗಳಿಗೆ ಪಟ್ಟಿ ಇತ್ತು, ಗಡಿಯಾರಕ್ಕೆ ಪಟ್ಟಿ ಇತ್ತು, ಯಾವ ಬೆಂಚು ಯಾವ ಊರಿಗೆ ಎಂದು ಬರೆದು ಅಂಟಿಸಿದ್ದರು. ಮಕ್ಕಳಿಗೆ ಮಾತ್ರ, ಹತ್ತಿರದ ಶಾಲೆಗಳಿಗೆ ಸೇರಿಕೊಳ್ಳತಕ್ಕದ್ದು ಎಂಬ ಒಂದು ಸಾಲು. ಹೊಳೆಕಡೆಯವರು ಚೆನ್ನಾಗಿ ಓದುವ ಇಪ್ಪತ್ತೆರಡು ಮಕ್ಕಳನ್ನು ಆರಿಸಿ ತೆಗೆದುಕೊಂಡರು. ಒಂದು ವರ್ಷ ಕಳೆದ ಮೇಲೆ ನಾನು ಹಳೆಯ ಹಾಜರಿ ಪುಸ್ತಕ ಹಿಡಿದು ಊರೂರು ಸುತ್ತಿದೆ. ನಲವತ್ತೇಳು ಮಕ್ಕಳು ಯಾವ ಶಾಲೆಯಲ್ಲೂ ಇರಲಿಲ್ಲ. ಜೈತೂನ ಗುಡ್ಡದ ಮೇಲೆ ಸಿಕ್ಕಳು. ಹನ್ನೆರಡು ವರ್ಷ. ತಾಯಿ ಮೇಲೆ ರೆಕ್ಕೆಯ ಬಿರುಕು ತುಂಬುತ್ತಿದ್ದರೆ ಇವಳು ಕೆಳಗೆ ಹಗ್ಗ ಹಿಡಿದು ನಿಂತಿದ್ದಳು. ನಾನು, ತಪ್ಪಾಯಿತವ್ವ, ಮತ್ತೆ ಬಾ, ಮನೆಯಲ್ಲೇ ಕಲಿಸುತ್ತೇನೆ ಅಂದೆ. ಅವಳು ಹಗ್ಗದಿಂದ ಕಣ್ಣು ತೆಗೆಯದೆ ಕೇಳಿದಳು:

"ನಾಡಿದ್ದ ಮುಂದಿನ ಗುಡ್ಡಕ್ಕ ಹೊಂಟೇವ್ರಿ, ಅಕ್ಕೋರ. ಬಾ ಅಂದ್ರ ಎಲ್ಲಿಂದ ಬರ್ಲಿ?"

ನೀರಿನ ಬಾಟಲಿಯನ್ನು ಅವಳ ಕಾಲ ಬಳಿ ಇಟ್ಟು ಇಳಿದು ಬಂದೆ.

ಹಿರಿಯರೇ, ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಮುಪ್ಪಿನಲ್ಲಿ ಎದೆಯೊಳಗಿಟ್ಟುಕೊಳ್ಳಲು ಎಲ್ಲರಿಗೂ ಒಂದು ನೋವು ಇರುತ್ತದೆ, ನನಗೂ ಇರಲಿ ಎಂದು ಸುಮ್ಮನಿದ್ದೆ. ಆದರೆ ಹನ್ನೆರಡು ದಿನದ ಹಿಂದೆ ನನಗೊಂದು ಕಾಗದ ಬಂತು. ಬರೆದವಳು ಕಳಕವ್ವ ಅಸುಂಡಿ. ನಮ್ಮ ಶಾಲೆಯಲ್ಲಿ ಆರು ವರ್ಷ ಗಣಿತ ಕಲಿಸಿದವಳು, ಈಗ ಶಿರಹಟ್ಟಿ ಕಡೆ ಒಂದು ಕರಾರು ಶಾಲೆಯ ಮುಖ್ಯಸ್ಥೆ. ಈ ಬಿಸಿಲ ತಿಂಗಳು ಮುಗಿದ ಕೂಡಲೆ ಅವಳ ಮರುನೋಟ. ಅವಳ ಶಾಲೆಯಲ್ಲಿಯೂ ಓದಲು ಬಾರದ ಮಕ್ಕಳಿದ್ದಾರೆ, ಹನ್ನೊಂದು ಜನ. ಹೆಸರುಗಳನ್ನೆಲ್ಲ ನನಗೆ ಬರೆದು ಕಳಿಸಿದ್ದಾಳೆ. ಕೆಳಗೆ ಹೀಗಿದೆ: "ಅಕ್ಕೋರ, ಇವ್ರ ಹೆಸರು ಸ್ವವರದಿಯೊಳಗ ಬರೀಲ್ಯಾ? ಬರದ್ರ ಸಾಲಿ ಹೋಗತೈತಿ. ಬರೀದಿದ್ರ ಈ ಮಕ್ಕಳು ಅದಾರ ಅನ್ನೂದ ಯಾರಿಗೂ ಗೊತ್ತಾಗಂಗಿಲ್ಲ. ನೀವು ಹೆಂಗ ಹೇಳ್ತೀರೋ ಹಂಗ ಮಾಡ್ತೇನ್ರಿ."

ನಾನು ಇನ್ನೂ ಉತ್ತರ ಬರೆದಿಲ್ಲ. ಮುಚ್ಚಿಡು ಎಂದು ಬರೆಯಲು ಕೈ ಏಳುವುದಿಲ್ಲ. ಮುಚ್ಚಬೇಡ, ನನ್ನ ಮಾತಿದೆ ಎಂದು ಬರೆದರೆ ನಾನೂ ಇನ್ನೊಬ್ಬ ಮಾಸ್ತರಾಗುತ್ತೇನೆ.

ಆದ್ದರಿಂದ ನಿಮ್ಮಲ್ಲಿ ಬೇಡಿಕೊಳ್ಳುತ್ತಿದ್ದೇನೆ. ಕರಡು ಇನ್ನೂ ನಿಮ್ಮ ಕೈಯಲ್ಲಿದೆ. ಮರುನೋಟ ಇರಲಿ, ಕೆಟ್ಟ ಶಾಲೆಗಳಿಗೆ ಬೀಗವೂ ಇರಲಿ. ಆದರೆ ಒಂದು ಶಾಲೆ ತನ್ನ ತಪ್ಪನ್ನು ತಾನೇ ಹೇಳಿಕೊಂಡರೆ ಆ ಮಾತನ್ನೇ ಅದರ ಕುತ್ತಿಗೆಗೆ ಹಗ್ಗ ಮಾಡಬಾರದೆಂದು ಬರೆಯಿರಿ. ಕೊಟ್ಟ ಅಳತೆಯನ್ನು ಅಳೆಯುವ ದಿನ ಬದಲಿಸಬಾರದೆಂದು ಬರೆಯಿರಿ. ಮತ್ತು ಬೀಗ ಹಾಕುವ ಮುಂಚೆ ಪ್ರತಿ ಮಗುವಿನ ಹೆಸರಿನ ಮುಂದೆ ಅದು ಹೋಗಿ ಕೂರುವ ತರಗತಿಯ ಹೆಸರು ಇರಲಿ, ಅಲ್ಲಿಯ ಶಿಕ್ಷಕರ ರುಜುವಿನೊಂದಿಗೆ.

ಇನ್ನು ಇಪ್ಪತ್ನಾಲ್ಕು ದಿನಗಳಿವೆ. ಅಷ್ಟರಲ್ಲಿ ನಾನು ಕಳಕವ್ವನಿಗೆ ಏನಾದರೂ ಬರೆಯಲೇಬೇಕು.

ನಿಮ್ಮ ಉತ್ತರಕ್ಕೆ ಕಾದಿರುವ,
ಇಂದುಮತಿ ಹಾತಲಗೇರಿ