ಎರಡನೆಯ ಮುದ್ರಣಕ್ಕೆ ಮೊದಲು ಆ ಡಬ್ಬಿ ತೆರೆಯಿರಿ

ಬ್ಯಾಡಗಿ, ಮೆಣಸಿನಕಾಯಿ ಅಂಕಣ
ಫೆಬ್ರವರಿ ಮೂವತ್ತು, ೨೨೧೪

ಕಾದಂಬರಿಕಾರ್ತಿ ಶ್ರೀಮತಿ ವಾರಿಜಾ ಸಿರಿವಂತೆ ಅವರಿಗೆ,

ಐವತ್ತೆಂಟು ಮಧ್ಯಾಹ್ನಗಳು, ನಾನೂರ ಆರು ಪುಟಗಳು, ಅರವತ್ತು ಹೆಂಗಸರ ಕಿವಿ, ನನ್ನದೊಂದು ಗಂಟಲು, ಮತ್ತು ಹೊನ್ನವ್ವ ಎಂಬವಳ ಒಂದು ಹುಣ್ಣಿಮೆ. ನಿಮ್ಮ ‘ಬಿಸಿಯುಸಿರಿನ ಬಂದರು’ ಕಾದಂಬರಿಗೆ ನಾವು ತೆತ್ತದ್ದು ಇಷ್ಟು. ಮೊದಲ ನಾಲ್ಕನ್ನು ಬಿಟ್ಟುಬಿಡುತ್ತೇನೆ. ಐದನೆಯದಕ್ಕಾಗಿ ಈ ಪತ್ರ.

ತಾರೀಖು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತೊಂದು ದಿನ. ಮಾರ್ಚಿನ ಬಿಸಿಲಿಗೆ ಹೆದರಿ ಅದರ ತಲೆಯಿಂದ ಮೂರು ದಿನ ಕಿತ್ತು ಇತ್ತ ಹಾಕಿಕೊಂಡಿದ್ದೇವೆ. ಬಿಸಿಲು ಮಾತ್ರ ಪಂಚಾಂಗ ಓದಿದಂತೆ ಕಾಣುವುದಿಲ್ಲ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ಕಲ್ಲು ಸಿಕ್ಕ ಅನ್ನದಂತೆ ಅನ್ನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳಿಂದಲೇ ಕಲಿತ ಭಾಷೆ ಇದು. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಕಳೆದ ಕಾಲಕ್ಕೆ ಪತ್ರ ಮುಟ್ಟಿಸುವ ವ್ಯವಸ್ಥೆಗೆ ನಾವಿಟ್ಟ ಹೆಸರು ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಅಜ್ಜಿಗೆ ಬರೆಯುವವರುಂಟು, ಸತ್ತ ಮಗುವಿನ ವೈದ್ಯರಿಗೆ ಬರೆಯುವವರುಂಟು. ನಾನು ನಿಮಗೆ ಬರೆಯುತ್ತಿದ್ದೇನೆ.

ನಾನು ಕಲ್ಲವ್ವ ಮೋಟೆಬೆನ್ನೂರ. ಮೆಣಸಿನಕಾಯಿ ತೊಟ್ಟು ಬಿಡಿಸಲು ಈ ಅಂಕಣಕ್ಕೆ ಬಂದವಳು. ಅಂಕಣವೆಂದರೆ ಉದ್ದನೆಯ ಚಾವಣಿ, ಕೆಳಗೆ ಕೆಂಪು ರಾಶಿ, ರಾಶಿಯ ಸುತ್ತ ನಾವು. ಜಗತ್ತಿನ ಕೆಲಸವನ್ನೆಲ್ಲ ಯಂತ್ರಗಳು ಮಾಡುತ್ತವೆ, ಆದರೆ ಕಾಯಿ ಒಡೆಯದ ಹಾಗೆ ತೊಟ್ಟು ಬಿಡಿಸಲು ಇನ್ನೂ ಬೆರಳೇ ಬೇಕು. ನನ್ನ ಬೆರಳು ನಿಧಾನ, ಬಾಯಿ ಚುರುಕು. ಎರಡನೆಯ ವಾರದಲ್ಲೇ ಮಾತಾಡಿ ಮಾತಾಡಿ ಓದುವ ಮಣೆ ಹತ್ತಿದೆ. ಕೈಗಳು ಕೆಲಸ ಮಾಡುವಾಗ ಕಿವಿ ಸುಮ್ಮನಿರಬಾರದೆಂದು ಊಟದ ಮೇಲೆ ಒಬ್ಬಳು ದಿನಕ್ಕೆ ಏಳು ಪುಟ ಕಾದಂಬರಿ ಓದುತ್ತಾಳೆ. ಕೇಳಿದವರು ತಲಾ ಒಂದು ಹಿಡಿ ಕಾಯಿ ಬಿಡಿಸಿ ಅವಳ ಬುಟ್ಟಿಗೆ ಹಾಕುತ್ತಾರೆ. ಪುಸ್ತಕ ಆರಿಸುವುದಕ್ಕೂ ಒಂದು ಕಟ್ಟಳೆ ಇದೆ. ಮೊದಲ ನಲವತ್ತು ಪುಟ ಕೇಳಿ ಎಲ್ಲರೂ ಕೈ ಎತ್ತಿದರೆ ಅದು ‘ಹಿಡಿದ ಪುಸ್ತಕ’. ಹಿಡಿದದ್ದನ್ನು ಕೊನೆಯ ಸಾಲಿನವರೆಗೆ ಒಂದಕ್ಷರ ಹಾರಿಸದೆ ಓದಬೇಕು. ಓದುವವಳು ಮುಂದಿನ ಪುಟ ಇಣುಕಬಾರದು.

ನಿಮ್ಮ ನಲವತ್ತು ಪುಟ ನಮ್ಮನ್ನು ಹಿಡಿದದ್ದು ನಿಜ. ದೀಪಸ್ತಂಭ ಕಾಯುವವನ ಮಗಳು ಶಾಲ್ಮಲಿ. ಒಂದು ರಾತ್ರಿ ದೀಪ ಆರಿ ಹಡಗು ಒಡೆದದ್ದಕ್ಕೆ ಅಪ್ಪನ ಮೇಲೆ ಅಪವಾದ. ಅವನು ಸತ್ತ ಮೇಲೆ ಮಗಳ ಹೆಸರಿಗೆ ಅವನದೇ ಅಕ್ಷರದ ಮುಚ್ಚಿದ ಲಕೋಟೆ. ಒಡೆಯುವ ಧೈರ್ಯವಿಲ್ಲದೆ ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಅಕ್ಕಿ ಡ್ರಮ್ಮಿನ ಮೇಲೆ ಇಡುತ್ತಾಳೆ. ಅರವತ್ತು ಕೈ ಒಟ್ಟಿಗೆ ಎದ್ದವು. ಅಂದೇ ನಲವತ್ತೆರಡನೆಯ ಪುಟದಲ್ಲಿ ಮಳೆ ಬಂತು, ವಿಹಾನ್ ಎಂಬವನು ನೆನೆದು ಬಂದ, ಅಂಗಿಯ ಗುಂಡಿ ಬಿಚ್ಚಿದ. ಅಲ್ಲಿಂದ ಪುಸ್ತಕ ಮುಗಿಯುವವರೆಗೆ ಅವನು ಗುಂಡಿ ಹಾಕಿಕೊಂಡದ್ದಕ್ಕೆ ದಾಖಲೆಯಿಲ್ಲ.

ನಾವು ನಾಚಿಕೆಯವರು ಎಂದು ತಿಳಿಯಬೇಡಿ. ಮೊದಲ ಸಲ ಎಲ್ಲರ ಕೈಯೂ ನಿಂತಿತು, ರಾಶಿ ಮುಂದೆ ಸರಿಯಲಿಲ್ಲ. ಮೂರನೆಯ ಸಲ ನಗು. ಒಂಬತ್ತನೆಯ ಸಲ ಮುದುಕಿ ಬಾಳವ್ವ ತಲೆ ಎತ್ತದೆ ಹೇಳಿದಳು: “ಏ ಕಲ್ಲವ್ವಾ, ಆ ಹುಡುಗಗ ಗುಂಡಿ ಇಲ್ಲದ್ದೊಂದು ಜುಬ್ಬಾನರ ಹೊಲಿಸಿಕೊಡ್ರಿ. ಅವ್ನ ಎದಿ ನಮ್ಮ ಮನಿ ಗ್ವಾಡಿಗಿಂತ ಹೆಚ್ಚು ನೋಡೇವಿ.” ಒಬ್ಬಳಿಗೆ ಮಾತ್ರ ನಗು ಬರಲಿಲ್ಲ. ಹೊನ್ನವ್ವ ದಿನವೂ ಬುಟ್ಟಿಗೆ ಹಿಡಿ ಕಾಯಿ ಹಾಕುವಾಗ ಒಂದೇ ಪ್ರಶ್ನೆ ಕೇಳುತ್ತಿದ್ದಳು: “ಕಲ್ಲಕ್ಕಾ, ಡಬ್ಬಿ ಸುದ್ದಿ ಬಂತೇನು?”

ಕಾರಣ ಇತ್ತು. ನೀವು ಡಬ್ಬಿ ಮುಚ್ಚಿದ ವಾರವೇ ಅವಳಿಗೂ ಒಂದು ಕಾಗದ ಬಂದಿತ್ತು. ನಮ್ಮ ಕಾಲದಲ್ಲಿ ಸುದ್ದಿ ಕೇಳಲಿ ಬಿಡಲಿ ತಾನಾಗಿ ಕಿವಿಗೆ ಬರುತ್ತದೆ. ಹಾಗಾಗಿ ಯಾರಾದರೂ ಕಾಗದ ಬರೆದರೆ, ಇಷ್ಟವಿಲ್ಲದಿದ್ದರೆ ಒಡೆಯಬೇಡ ಎಂದು ಎದುರಿನವರಿಗೆ ಮರ್ಯಾದೆ ಕೊಟ್ಟ ಹಾಗೆ. ಬರೆದವನು ಯಮನಪ್ಪ. ಅಂಕೋಲೆಯ ತೇಲುಗದ್ದೆಗಳಲ್ಲಿ, ಅಂದರೆ ಊರನ್ನು ಮುಳುಗಿಸಿದ ಸಮುದ್ರದ ಮೇಲೆಯೇ ತೆಪ್ಪ ಕಟ್ಟಿ ಭತ್ತ ಬೆಳೆಯುವಲ್ಲಿ, ಅವನ ದೋಣಿ. ಆರು ವರ್ಷದ ಸಲಿಗೆ, ಬೇಸಿಗೆಯಲ್ಲೊಂದು ಜಗಳ. ಕಾಗದದಲ್ಲಿ ‘ಸಾಕು’ ಎಂದಿದ್ದರೆ ತಡೆಯುವ ಶಕ್ತಿ ತನಗಿಲ್ಲವೆಂದು ಹೊನ್ನವ್ವ ಅದನ್ನು ಮೆಂತ್ಯದ ಡಬ್ಬಿಯಲ್ಲಿಟ್ಟಳು. “ಆಕಿ ತಗದ ದಿನ ನಾನೂ ತಗೀತೀನಿ,” ಎಂದು ಎಲ್ಲರೆದುರು ಹೇಳಿದಳು. ನಲವತ್ತಮೂರರ ಹೆಂಗಸು ಹೀಗೆ ಮಾಡುತ್ತಾಳೆಯೇ ಎಂದು ನೀವು ಕೇಳಬಹುದು. ಕಥೆಯನ್ನು ನಂಬುವವರಿಗೆ ವಯಸ್ಸು ಕೇಳಬಾರದು; ನಿಮ್ಮ ಕಸುಬು ನಡೆಯುವುದು ಅವರಿಂದಲೇ.

ಈಗ ನನ್ನ ತಪ್ಪು. ಹತ್ತನೆಯ ಓದಿನ ಮರುದಿನ ಅಂಕಣಕ್ಕೆ ರಜೆ. ಪುಸ್ತಕ ಮನೆಗೆ ಒಯ್ದು ಕೊನೆಯವರೆಗೆ ತಿರುವಿದೆ. ಮೂವತ್ತೊಂದು ಶಯನಗೃಹ, ಒಂದು ಜಲಪಾತ, ಒಂದು ಲಿಫ್ಟು. ಡಬ್ಬಿ ಎಲ್ಲೂ ಇಲ್ಲ. ದೀಪ ಆರಿಸಿದ್ದು ಯಾರೆಂದು ನಿಮಗೆ ಗೊತ್ತಿತ್ತೇ? ಗೊತ್ತಿದ್ದು ಮರೆತಿರೋ, ಮಳೆ ನಿಲ್ಲಲಿ ಎಂದು ಕಾಯುತ್ತಾ ಕೂತಿರೋ? ನಾನು ಮರುದಿನವೇ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಪಕ್ಕದ ಅಂಕಣಗಳಿಂದ ಹೆಂಗಸರು ಬರತೊಡಗಿದ್ದರು, ಅರವತ್ತು ನೂರಾಗಿ ನೂರು ಇನ್ನೂರಾಗಿತ್ತು. ನನ್ನ ಮಣೆಯ ಕೆಳಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿದ್ದರು. ಎತ್ತರದಲ್ಲಿ ಕೂತವಳಿಗೆ ಇಳಿಯುವ ಮಾತು ಬಾಯಿಗೆ ಬರಲಿಲ್ಲ.

ಇಪ್ಪತ್ತೊಂಬತ್ತನೆಯ ದಿನ ಹೊನ್ನವ್ವ ನನ್ನ ಸೆರಗು ಹಿಡಿದು ಬದಿಗೆ ಕರೆದಳು. “ನೀ ಮುಂದ ನೋಡೀ ಅಂತಾರ. ಖರೇ ಹೇಳಕ್ಕಾ, ತಗೀತಾಳೋ ಇಲ್ಲೋ?”

“ತಗೀತಾಳ, ತಡಿ,” ಎಂದೆ.

ಆ ಎರಡು ಮಾತು ನಿಮ್ಮ ಪುಸ್ತಕದಲ್ಲಿಲ್ಲ, ನನ್ನವು. ಅವಳು ತಡೆದಳು. ಐವತ್ತೆಂಟನೆಯ ದಿನ ಶಾಲ್ಮಲಿ ಹಾಸಿಗೆಯಲ್ಲೇ ಇರುವಾಗ ಪುಸ್ತಕ ಮುಗಿಯಿತು. ಹೊನ್ನವ್ವ ಕೈ ತೊಳೆದುಕೊಂಡು ಮನೆಗೆ ಹೋಗಿ, ಯಾರ ಅಪ್ಪಣೆಗೂ ಕಾಯದೆ, ಕಾಗದ ಒಡೆದಳು. ಮೂರೇ ಸಾಲು. ‘ತಪ್ಪು ನನ್ನದು. ಬರುವ ಹುಣ್ಣಿಮೆಯವರೆಗೆ ದೋಣಿ ಕಟ್ಟುವ ದಕ್ಕೆಯಲ್ಲಿ ಕಾಯುತ್ತೇನೆ. ಬರದಿದ್ದರೆ ನಿನ್ನ ಉತ್ತರ ತಿಳಿದುಕೊಂಡು ದೋಣಿಯನ್ನು ತೆಂಕಣಕ್ಕೆ ಒಯ್ಯುತ್ತೇನೆ.’ ಆ ಹುಣ್ಣಿಮೆ ಕಳೆದು ಇಪ್ಪತ್ತಾರು ದಿನವಾಗಿತ್ತು. ಆದರೂ ಹೋದಳು. ನಾಲ್ಕನೆಯ ದಿನ ಬಂದು ತನ್ನ ಜಾಗದಲ್ಲೇ ಕೂತಳು. ಕೇಳಿದವರಿಗೆ, “ಸಮುದ್ರ ನೋಡ್ಕೊಂಡ ಬಂದೆ,” ಎಂದಳು. ಈಗಲೂ ನನ್ನ ಬುಟ್ಟಿಗೆ ಹಿಡಿ ಕಾಯಿ ಹಾಕುತ್ತಾಳೆ. ಏನೂ ಕೇಳುವುದಿಲ್ಲ.

ನಮ್ಮ ಪ್ರತಿಯ ಮೇಲೆ ‘ಎರಡನೆಯ ಮುದ್ರಣ’ ಎಂದಿದೆ. ಈ ಕಾಗದ ಮುಟ್ಟುವಾಗ ನೀವು ಅದರ ಕರಡು ತಿದ್ದಲು ಕೂತಿರುತ್ತೀರಿ ಎಂದು ಲೆಕ್ಕ ಹಾಕಿ ಕಳಿಸಿದ್ದೇನೆ. ಒಂದೇ ಪುಟ ಬೇಡುತ್ತೇನೆ. ಇನ್ನೂರನೆಯ ಪುಟದೊಳಗೆ ಶಾಲ್ಮಲಿ ಆ ಡಬ್ಬಿ ತೆರೆಯಲಿ. ಲಕೋಟೆಯಲ್ಲಿ ಏನಿರಬೇಕೆಂದು ನೀವೇ ಬರೆಯಿರಿ, ಕೆಟ್ಟ ಸುದ್ದಿಯೇ ಇರಲಿ, ಒಡೆದರೆ ಸಾಕು. ಅದು ನಮಗೆ ಇಪ್ಪತ್ತೊಂಬತ್ತನೆಯ ದಿನ ಬರುತ್ತದೆ. ಅಂಕೋಲೆಗೆ ಒಂದೂವರೆ ದಿನದ ಹಾದಿ, ಹುಣ್ಣಿಮೆಗೆ ಇನ್ನೂ ಮೂರು ದಿನ ಇರುತ್ತದೆ. ಅಷ್ಟರೊಳಗೆ ವಿಹಾನ್ ಹದಿನೈದು ಸಲ ಗುಂಡಿ ಬಿಚ್ಚಿದರೂ ನನ್ನ ತಕರಾರಿಲ್ಲ. ನೀವು ತಿದ್ದಿದರೆ ಈ ಪತ್ರ ಬರೆದ ನೆನಪು ನನಗಿರುವುದಿಲ್ಲವಂತೆ, ಮಣೆಯ ಕೆಳಗಿನ ಇಟ್ಟಿಗೆಗಳೂ ಇರಲಿಕ್ಕಿಲ್ಲ. ಹೋಗಲಿ.

ತಿದ್ದದಿದ್ದರೆ ಯಾರಿಗೆ ಏನು ದಕ್ಕಿತು ಎಂಬುದು ಹೀಗೆ ಉಳಿಯುತ್ತದೆ. ನಿಮಗೆ, ಎರಡು ಮುದ್ರಣ. ಪಕ್ಕದ ಅಂಕಣದವರಿಗೆ, ನಗಲು ಐವತ್ತೆಂಟು ಮಧ್ಯಾಹ್ನ. ನನಗೆ, ನಾಲ್ಕು ಇಟ್ಟಿಗೆಯ ಎತ್ತರ. ಯಮನಪ್ಪನಿಗೆ, ಯಾರೂ ಕೊಡದ ಒಂದು ಉತ್ತರ. ಹೊನ್ನವ್ವನಿಗೆ, ಸಮುದ್ರ.

ಕಲ್ಲವ್ವ