ಕಪ್ಪು ಟೇಪಿನ ಪೆಟ್ಟಿಗೆ

ಮೇಷ್ಟ್ರೇ,

ಕ್ಲಬ್ಬಿನವರಿಗೆಲ್ಲ ನೀವು ಡಿಜೆ, ನನಗೊಬ್ಬಳಿಗೆ ಮೇಷ್ಟ್ರು. ತೀರಿಕೊಂಡಿರೆಂದು ಹಾಗೆ ಕರೆಯುವುದನ್ನು ನಾನು ಬಿಡುವುದಿಲ್ಲ.

ಇವತ್ತು ಮಧ್ಯಾಹ್ನ ನಿಮ್ಮ ತಂಗಿ ಕ್ಲಬ್ಬಿಗೆ ಬಂದು, "ಅಣ್ಣ ಇದನ್ನ ನಿನಗೇ ಕೊಡು ಅಂದಿದ್ದ" ಎಂದು ನಿಮ್ಮ ರೆಕಾರ್ಡುಗಳ ಪೆಟ್ಟಿಗೆ ಕೊಟ್ಟರು. ಪ್ರತಿ ರೆಕಾರ್ಡಿನ ಹೆಸರಿನ ಮೇಲೂ ಕಪ್ಪು ಟೇಪು. ಬೇರೆ ಡಿಜೆಗಳು ಇಣುಕಿ ಓದಬಾರದೆಂದು ನೀವೇ ಅಂಟಿಸಿದ್ದು.

ಕ್ಲಬ್ಬಿನ ಮಾಲೀಕರು ನಕ್ಕರು. "ಹೆಸರೇ ಇಲ್ಲದ್ದನ್ನ ಇಟ್ಕೊಂಡು ಏನ್ ಮಾಡ್ತೀಯಮ್ಮ? ಟೇಪ್ ಕಿತ್ತು ನೋಡು, ಇಲ್ಲಾಂದ್ರೆ ಗುಜರಿಗೆ ಹಾಕು. ಹಾಡು ಹಾಕೋಕೆ ಲ್ಯಾಪ್‌ಟಾಪ್ ಇದೆಯಲ್ಲ!"

ಒಂದರ ಅಂಚಿಗೆ ಉಗುರು ಹಾಕಿದೆ. "ಹೆಸರು ಓದಿದ್ರೆ ಕಿವಿ ಸೋಮಾರಿಯಾಗುತ್ತೆ ಕಣೇ" ಎಂದು ನೀವು ಗದರುತ್ತಿದ್ದದ್ದು ನೆನಪಾಗಿ, ಮತ್ತೆ ಒತ್ತಿ ಅಂಟಿಸಿಬಿಟ್ಟೆ. ಹಾಗೇ ರೆಕಾರ್ಡನ್ನು ತಿರುಗಲು ಬಿಟ್ಟು ಮುಳ್ಳು ಇಳಿಸಿದೆ. ನೀವು ಕಲಿಸಿದಂತೆ ಮುಖಗಳನ್ನು ಬಿಟ್ಟು ಕಾಲುಗಳನ್ನೇ ನೋಡುತ್ತ ನಿಂತೆ. ಮೊದಲು ನೆಲ ಒರೆಸುತ್ತಿದ್ದ ಅಕ್ಕನ ಹಿಮ್ಮಡಿ ತಾಳ ಹಿಡಿಯಿತು. ಆಮೇಲೆ ಮಾಲೀಕರ ಬೂಟು.

"ಯಾವುದಮ್ಮ ಇದು ಹಾಡು?" ಎಂದರು.

"ಹೇಳಲ್ಲ" ಎಂದೆ, ಥೇಟ್ ನಿಮ್ಮ ಹಾಗೆ. ನನಗೇ ಗೊತ್ತಿಲ್ಲವೆಂದು ಅವರಿಗೇನು ಗೊತ್ತು!

ಶನಿವಾರದಿಂದ ನಿಮ್ಮ ಜಾಗದಲ್ಲಿ ನಿಲ್ಲುವವಳು ನಾನು. ಮಾಲೀಕರು ತಲೆಕೆಳಗಾಗಿ ನಿಂತರೂ ಈ ಪೆಟ್ಟಿಗೆಯಿಂದಲೇ ಹಾಕುತ್ತೇನೆ.

ಆಸ್ಪತ್ರೆ ಸೇರುವ ಮುಂಚೆ ನೀವು ಫೋನ್ ಮಾಡಿ, "ಹೊಸದೊಂದು ಸಿಕ್ಕಿದೆ, ನೀನೇ ಮೊದಲು ಕೇಳ್ಬೇಕು, ಬಾ" ಎಂದಿದ್ದಿರಿ. ಮುಂದಿನ ವಾರ ಬರುತ್ತೇನೆ ಎಂದಿದ್ದೆ.

ಅದು ಈ ಪೆಟ್ಟಿಗೆಯಲ್ಲೇ ಇದೆ. ಯಾವುದೆಂದು ತಿಳಿಯದು, ಅದಕ್ಕೇ ಎಲ್ಲವನ್ನೂ ಕೇಳುತ್ತೇನೆ.